ದ್ಯಾಮಪ್ಪನ ಮಳೆಗಾಲದ ಇಂಜಿನ್ನು

ಹಾನಗಲ್ಲಿನ ದ್ಯಾಮಪ್ಪನ ಮುಂದೆ ಯಾರಾದರೂ ಕೆಟ್ಟ ಮೋಟಾರು ತಂದು ನಿಲ್ಲಿಸಿ, ಮುಂದಿನ ಮುಚ್ಚಳ ಎತ್ತಿ, "ನೋಡಪಾ" ಅಂದರೆ ಅವನು ಮುಂದಕ್ಕೆ ಬರುತ್ತಲೇ ಇರಲಿಲ್ಲ. ಎದ್ದು, ಧೋತರ ಮೇಲೆ ಕಟ್ಟಿ, ಸೀದಾ ಗಾಡಿಯ ಹಿಂದಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತು ಹಿಂದಿನ ಅಚ್ಚನ್ನು ನೋಡುತ್ತಿದ್ದ.

"ಬ್ಯಾನಿ ಹೊಟ್ಟ್ಯಾಗ ಐತಿ, ನೀ ಬಾಲ ಹಿಡದು ಕುಂತೀಯಲ್ಲೋ ಮಾರಾಯಾ" ಎಂದು ಜನ ನಗುತ್ತಿದ್ದರು.

"ಇಂಜಿನ್ನು ಎಷ್ಟು ಜಗ್ತೈತಿ ಅನ್ನೂದು ಆಮ್ಯಾಲ ನೋಡೂಣು. ಗಾಡಿ ಏನು ಬೇಡ್ತೈತಿ, ಅದನ್ನ ಮೊದಲ ಕೇಳ್ತೇನಿ" ಅನ್ನುತ್ತಿದ್ದ ಅವನು, ತಲೆ ಎತ್ತದೆ.

ಈ ಚಾಳಿ ಅವನಿಗೆ ಹೇಗೆ ಬಂತೆಂದು ಹೇಳಬೇಕಾದರೆ ಒಂದು ಕೊಡ ನೀರಿನಿಂದ ಸುರು ಮಾಡಬೇಕು.

ದ್ಯಾಮಪ್ಪ ಹಾಲುಗೂಸಾಗಿದ್ದಾಗಲೇ ಅಪ್ಪ ತೀರಿಕೊಂಡ. ಅವ್ವ ಸಿದ್ದವ್ವ ಹೊಲದ ಕೆಲಸಕ್ಕೆ ಹೋದರೆ ಎಂಟು ವರ್ಷ ದೊಡ್ಡವಳಾದ ಅಕ್ಕ ಶೇಖವ್ವನ ಟೊಂಕವೇ ಅವನ ತೊಟ್ಟಿಲು. ಅವನು ಮೊದಲು ಆಡಿದ ಮಾತು "ಅಕ್ಕ". ಅವಳನ್ನು ಸವಣೂರಿನಾಚೆಯ ಹತ್ತಿಮತ್ತೂರಿಗೆ, ಕುಬೇರಪ್ಪನೆಂಬ ರೈತನಿಗೆ ಕೊಟ್ಟು ಮದುವೆ ಮಾಡಿದ ದಿನ, ಬಂಡಿ ಊರು ದಾಟುವವರೆಗೂ ಈ ಹುಡುಗ ಹಿಂದೆ ಓಡಿದ್ದನಂತೆ. ಬಂಡಿ ದೂರವಾಗಿ ಧೂಳಷ್ಟೇ ಉಳಿದಾಗ, ಇದಕ್ಕಿಂತ ಜೋರಾಗಿ ಓಡುವುದು ಏನಾದರೂ ಇದ್ದರೆ ಅದನ್ನು ಕಲಿಯುತ್ತೇನೆ ಅಂದುಕೊಂಡನೋ ಏನೋ. ಬೆಳೆದು ದೊಡ್ಡವನಾಗಿ ಮೋಟಾರು ಹೊಡೆಯುವುದನ್ನು ಕಲಿತ. ಊರಿನ ಜಮೀನುದಾರ ಮೈಲಾರಲಿಂಗಪ್ಪನವರ ಡ್ರೈವರನಾದ.

ಧಣಿಗಳದು ಆರು ಸಿಲಿಂಡರಿನ ಅಮೆರಿಕದ ಗಾಡಿ. ಅದರ ಸದ್ದು ಎಂಥದೆಂದರೆ, ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಹಾಲು ಕಾದು ಉಕ್ಕುವ ಮುಂಚೆ ಒಂದು ಗುಂಯ್ ಎನ್ನುವ ನಾದ ಬರುತ್ತದಲ್ಲ, ಹಾಗೆ. ಸವಣೂರಿನ ಕಡೆಗೆ ಧಣಿಗಳ ಕೆಲಸ ಬಿದ್ದಾಗಲೆಲ್ಲ ದ್ಯಾಮಪ್ಪ ಹತ್ತಿಮತ್ತೂರಿನ ಹಾದಿಯಲ್ಲಿ ಹಾಯ್ದು ಬರುತ್ತಿದ್ದ. ಶೇಖವ್ವ ಆ ಗುಂಯ್ ಸದ್ದನ್ನು ಒಂದು ಹರದಾರಿ ದೂರದಿಂದಲೇ ಹಿಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

ಮೂವತ್ತೆಂಟನೆಯ ಇಸವಿಯ ನಾಗರ ಪಂಚಮಿ. ನಮ್ಮ ಕಡೆ ಪಂಚಮಿಗೆ ಅಣ್ಣನೋ ತಮ್ಮನೋ ಹೋಗಿ ಕರೆಯದೆ ಹೆಣ್ಣುಮಗಳು ತವರಿಗೆ ಕಾಲಿಡುವುದಿಲ್ಲ. ಪ್ರತಿ ವರ್ಷ ಬಂಡಿಯಲ್ಲಿ ಎರಡು ದಿನದ ಪ್ರಯಾಣ. ಆ ವರ್ಷ ಧಣಿಗಳು ತಾವಾಗಿಯೇ, "ಮೋಟಾರ ತಗೊಂಡು ಹೋಗಲೇ. ನಿಮ್ಮಕ್ಕ ರಾಣಿ ಹಂಗ ಬರ್ಲಿ" ಅಂದರು. ದ್ಯಾಮಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಸವಣೂರು ದಾಟಿದ ಮೇಲೆ ಎರೆಮಣ್ಣಿನ ಹಾದಿ. ಮುಂಚಿನ ದಿನ ಮಳೆ ಹೊಡೆದಿತ್ತು. ಗಾಲಿಗೆ ಮಣ್ಣು ಮೆತ್ತಿಕೊಂಡು, ಸಣ್ಣ ಗೇರಿನಲ್ಲೇ ಹೆಣಗಿ ಹೆಣಗಿ, ಹತ್ತಿಮತ್ತೂರು ಮುಟ್ಟುವಷ್ಟರಲ್ಲಿ ರೇಡಿಯೇಟರಿನ ನೀರೆಲ್ಲ ಕುದಿದು ಬತ್ತಿತ್ತು. ದ್ಯಾಮಪ್ಪ ಅಕ್ಕನ ಬಾಗಿಲಲ್ಲಿ ಗಾಡಿ ನಿಲ್ಲಿಸಿ, ರೇಡಿಯೇಟರಿನ ಮುಚ್ಚಳ ಬಿಚ್ಚಿ, ಆರಲಿ ಎಂದು ಬಿಟ್ಟು, ಕಾಲು ತೊಳೆಯಲು ಹಿತ್ತಲಿಗೆ ಹೋದ.

ಮನೆಗೆ ಬಂದವರಿಗೆ ಮೊದಲು ನೀರು ಕೊಡಬೇಕು, ಮಾತು ಆಮೇಲೆ. ಶೇಖವ್ವ ತಮ್ಮನಿಗೆ ಒಂದು ತಂಬಿಗೆ ಕೊಟ್ಟು ಹೊರಗೆ ಬಂದು ನೋಡುತ್ತಾಳೆ, ಮೋಟಾರು ಬಾಯಿ ತೆರೆದುಕೊಂಡು ಉಸ್ ಉಸ್ ಎಂದು ಹಬೆ ಬಿಡುತ್ತಾ ನಿಂತಿದೆ. ಮೂವತ್ತು ಮೈಲಿ ಓಡಿ ಬಂದದ್ದು, ತನ್ನನ್ನು ಕರೆಯಲು ಬಂದದ್ದು. ಅವಳ ಕರುಳು ಚುರ್ ಅಂದಿತು. "ಎಷ್ಟ ನೀರಡಿಸೇತಿ ನೋಡು ಪಾಪ" ಎನ್ನುತ್ತಾ ಆಗಷ್ಟೇ ಬಾವಿಯಿಂದ ಸೇದಿ ತಂದ ಒಂದು ತುಂಬಿದ ಕೊಡವನ್ನು ಹೊತ್ತು ತಂದು ಆ ಬಾಯಿಗೆ ಸುರಿದಳು.

ಟಣ್ ಎಂದಿತು. ದೊಡ್ಡ ಸದ್ದೇನಲ್ಲ. ಗಡಿಗೆ ಒಡೆದಂತೆ.

ದ್ಯಾಮಪ್ಪ ಹಿತ್ತಲಿನಿಂದ ಓಡಿ ಬಂದಾಗ ಇಂಜಿನ್ನಿನ ಕಬ್ಬಿಣದ ಮೈಯಲ್ಲಿ ಒಂದು ಗೇಣುದ್ದದ ಸೀಳು ಬಿಟ್ಟಿತ್ತು. ಅದರಿಂದ ನೀರು ಕಣ್ಣೀರಿನ ಹಾಗೆ ಇಳಿಯುತ್ತಿತ್ತು. ಖಾಲಿ ಕೊಡ ಹಿಡಿದು ನಿಂತ ಅಕ್ಕನ ಮುಖ ನೋಡಿ ಅವನಿಗೆ ಬೈಯಲೂ ಆಗಲಿಲ್ಲ, ಅಳಲೂ ಆಗಲಿಲ್ಲ.

"ತಪ್ಪ ನಂದು ಅಕ್ಕ. ಕಾದ ಕಬ್ಬಿಣಕ್ಕ ತಣ್ಣೀರ ಹಾಕಬ್ಯಾಡ ಅಂತ ನಾನ ಹೇಳಲಿಲ್ಲ."

"ನೀರಡಿಸಿದ್ದಕ್ಕ ನೀರ ಹಾಕಬ್ಯಾಡ ಅಂತ ಯಾರರ ಹೇಳ್ತಾರೇನೋ ತಮ್ಮಾ?" ಎಂದಳು ಅವಳು. ಅಷ್ಟೇ.

ಎರಡು ಜೋಡಿ ಎತ್ತು ಕಟ್ಟಿ ಮೋಟಾರನ್ನು ಹಾನಗಲ್ಲಿಗೆ ಎಳೆದು ತಂದರು. ಹೊರಡುವಾಗ ಕುಬೇರಪ್ಪ, "ನೀನೂ ಮತ್ತೊಂದು ಬಂಡ್ಯಾಗ ಹೋಗಿ ಬಾ" ಎಂದರೆ ಶೇಖವ್ವ ಹೊಸ್ತಿಲ ಮೇಲೆ ಕೂತುಬಿಟ್ಟಳು. "ನನ್ನ ಕರ್ಯಾಕ ಬಂದದ್ದನ್ನ ನಾನ ಕೊಂದೇನಿ. ಆ ಮೋಟಾರ ಎದ್ದು ಮತ್ತ ಕರ್ಯಾಕ ಬಂದ್ರ ಬರ್ತೇನಿ. ಅಲ್ಲೀತನ ತವರಿನ ಹಾದಿ ತುಳ್ಯಾಂಗಿಲ್ಲ." ದ್ಯಾಮಪ್ಪ ಕೈ ಮುಗಿದ. ಅವಳು ಮೊದಲಿನಿಂದಲೂ ಅಂಥವಳೇ. ಆಡಿದರೆ ಆಡಿದ್ದೇ.

ಮೈಲಾರಲಿಂಗಪ್ಪನವರು ಕೂಗಾಡಲಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಬಂದು, "ತಗೊಂಡ ಹೋಗು. ಕೋಳಿ ಕೂಡಿ ಹಾಕಾಕ ಬರ್ತೈತಿ" ಅಂದರು. ಡ್ರೈವರಿಕೆ ಹೋಯಿತು. ಮೋಟಾರು ದ್ಯಾಮಪ್ಪನ ಮನೆಯ ಮುಂದಿನ ಬೇವಿನ ಮರದಡಿ ಬಂದು ಕೂತಿತು. ಕೋಳಿಗಳು ನಿಜವಾಗಿಯೂ ಹಿಂದಿನ ಸೀಟಿನಲ್ಲಿ ತತ್ತಿ ಇಡತೊಡಗಿದವು. ಅವನು ಕಬ್ಬಿನ ಗಾಣ, ಬಾವಿಯ ರಾಟೆ, ಯಾರದೋ ಹೊಲಿಗೆಯ ಯಂತ್ರ, ಸಿಕ್ಕಿದ್ದನ್ನು ರಿಪೇರಿ ಮಾಡಿಕೊಂಡು ಉಳಿದ.

ಅದೇ ಚಳಿಗಾಲ ಸಿದ್ದವ್ವ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಚಪ್ಪೆಯ ಎಲುಬು ಮುರಿದುಕೊಂಡಳು. ಕೋಲು ಹಿಡಿದು ಬಾಗಿಲತನಕ ಬರುತ್ತಿದ್ದಳು. ಬಂಡಿಯ ಕುಲುಕಾಟ ಅವಳಿಂದ ಆಗದ ಮಾತು. ತಾಯಿ ಹೋಗುವಂತಿಲ್ಲ, ಮಗಳು ಬರುವುದಿಲ್ಲ. ಮೂವತ್ತೊಂಬತ್ತರ ಪಂಚಮಿಗೂ ನಲವತ್ತರ ಪಂಚಮಿಗೂ ಮುದುಕಿ ಶೇಂಗಾ ಉಂಡಿ ಕಟ್ಟಿ, ಜೋಕಾಲಿಯ ಹಗ್ಗವನ್ನು ತೊಲೆಗೆ ಹಾಕಿಸಿ, ಸಂಜೆಯ ಹೊತ್ತಿಗೆ ಅದನ್ನು ಬಿಚ್ಚಿಸಿದಳು.

"ಲೇ ದ್ಯಾಮಾ, ಒಂದ ಸಲ. ಕಣ್ಣ ಕಾಣೂದ್ರಾಗ ಒಂದ ಸಲ ಆಕಿನ್ನ ಕರ್ಕೊಂಡ ಬಾರಪಾ."

ಅವ್ವ ಇಷ್ಟೇ ಕೇಳಿದ್ದು. ಆದರೆ ಒಡೆದದ್ದಕ್ಕೆ ಸರಿಯಾದ ಆರು ಸಿಲಿಂಡರಿನ ಇಂಜಿನ್ನು ಎಲ್ಲಿಂದ ತರಬೇಕು? ಯುದ್ಧ ಸುರುವಾಗಿತ್ತು. ಹಡಗಿನಲ್ಲಿ ಬರುವ ಸಾಮಾನು ನಿಂತಿತ್ತು. ಪೆಟ್ರೋಲಿಗೂ ಇನ್ನು ರೇಷನ್ ಚೀಟಿ ಬರುತ್ತದಂತೆ ಎಂಬ ಸುದ್ದಿ. ನಾಲ್ಕು ಸಿಲಿಂಡರಿನದು ಏನಾದರೂ ಸಿಕ್ಕರೆ ಕೂಡಿಸಿ ನೋಡಬೇಕು, ಅದು ಕುಡಿಯುವುದೂ ಕಡಿಮೆ, ಎಂದು ದ್ಯಾಮಪ್ಪ ನಲವತ್ತೊಂದರ ಬೇಸಿಗೆಯಲ್ಲಿ ಹುಡುಕಾಟಕ್ಕೆ ಹೊರಟ. ತಡಸದಲ್ಲಿ ಒಂದಿದೆ ಅಂದರು, ಹೋಗಿ ನೋಡಿದರೆ ತುಕ್ಕಿನ ಗುಡ್ಡೆ. ರಟ್ಟೀಹಳ್ಳಿಯಲ್ಲಿ ಇನ್ನೊಂದು, ಅದರೊಳಗೆ ಇಲಿ ಮರಿ ಹಾಕಿತ್ತು. ಹಿರೇಕೆರೂರಿನವನೊಬ್ಬ, "ಇಂಜಿನ್ನು ಯಾಕೋ ತಮ್ಮಾ, ಮುಂದ ಎರಡ ಎತ್ತ ಕಟ್ಟು, ಪೀ ಪೀ ಅಂತ ಹಾರ್ನ ಬಾರಿಸ್ಕೋತ ಹೋಗು" ಎಂದು ಬುದ್ಧಿ ಹೇಳಿ ಕಳಿಸಿದ.

ಕೊನೆಗೆ ಶಿಗ್ಗಾವಿಯ ಗೌಸಸಾಬನ ಕೊಟ್ಟಿಗೆಯಲ್ಲಿ ಒಂದು ಸಿಕ್ಕಿತು. ಗೌಸಸಾಬ ಹಳೆಯ ಮೋಟಾರು ಬಿಚ್ಚಿ ಮಾರುವವನು. ಗಿಡಕ್ಕೆ ಗುದ್ದಿದ ಒಂದು ಸಣ್ಣ ವಿಲಾಯತಿ ಕಾರಿನ ಇಂಜಿನ್ನದು. ನಾಲ್ಕು ಸಿಲಿಂಡರು, ಒಂದಿಷ್ಟೂ ಸವೆದಿಲ್ಲ. ಗೌಸಸಾಬ ಚಾಲೂ ಮಾಡಿ ತೋರಿಸಿದ. ಜೇನುಹುಳದ ಹಾಗೆ ಝೇಂಕರಿಸಿತು.

"ಒಯ್ಯಿ ದ್ಯಾಮಪ್ಪಾ. ನನ್ನ ಹತ್ರ ಬಂದು ವರ್ಷ ದುಡಿ, ಇಂಜಿನ್ನು ನಿಂದಽ. ನಮ್ಮ ದೊಡ್ಡ ರಸ್ತಾದ ಮ್ಯಾಲ ನಾಕ ಮಂದಿನ್ನ ಕುಂಡ್ರಿಸ್ಕೊಂಡು ಸರ್ವೀಸ್ ಹೊಡದ್ಯಂದ್ರ ಜೀವನಾ ನಡದು ಹೋಗ್ತೈತಿ. ಮತ್ತ ಡ್ರೈವರ ಅನಿಸ್ಕೋತಿ."

ಮತ್ತೆ ಡ್ರೈವರ್ ಎಂಬ ಮಾತು ದ್ಯಾಮಪ್ಪನ ಎದೆಯೊಳಗೆ ಹೋಗಿ ಕೂತಿತು. ಹೂಂ ಎಂದೇಬಿಡುವವನಿದ್ದ. ಬಾಯಿ ತೆರೆದವನು ಮುಚ್ಚಿ, "ನಾಳೆ ಹೇಳ್ತೇನ್ರಿ ಚಾಚಾ" ಅಂದ. ಹೊರಡುವ ಮುಂಚೆ ಯಾಕೋ ಏನೋ, ಆ ವಿಲಾಯತಿ ಕಾರಿನ ಹಿಂದಿನ ಅಚ್ಚನ್ನೂ ಒಮ್ಮೆ ತಿರುಗಿಸಿ ನೋಡಿದ. ಗಾಲಿ ಒಂದು ಸುತ್ತು ಬರಬೇಕಾದರೆ ಇಂಜಿನ್ನು ಐದು ಸುತ್ತಿಗೂ ಹೆಚ್ಚು ತಿರುಗಬೇಕಿತ್ತು.

ಮನೆಗೆ ಬಂದು ಕೋಳಿ ಓಡಿಸಿ, ತನ್ನ ಮೋಟಾರಿನ ಹಿಂಭಾಗವನ್ನು ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿದ. ಒಂದು ಹಿಂಗಾಲಿಗೆ ತಾನು, ಇನ್ನೊಂದಕ್ಕೆ ಪಕ್ಕದ ಮನೆಯವನು. ಒಡೆದ ಇಂಜಿನ್ನು ಬಿಚ್ಚಿ ತೆಗೆದ ಮೂತಿಯಲ್ಲಿ ಗೇರಿನ ಪೆಟ್ಟಿಗೆಯ ದಂಡ ಕಾಣುತ್ತಿತ್ತಲ್ಲ, ಅದಕ್ಕೆ ಸುಣ್ಣದ ಬೊಟ್ಟಿಟ್ಟು, ಕಟ್ಟೆಯ ಮೇಲೆ ಕೂತ ಅವ್ವನಿಗೆ, "ಬೊಟ್ಟು ಎಷ್ಟು ಸಲ ಮ್ಯಾಲ ಬರ್ತೈತಿ ಎಣಸು" ಎಂದ. ಇಬ್ಬರೂ ಗಾಲಿಗಳನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿದರು.

"ಒಂದು... ಎರಡು... ಮೂರು... ನಾಕನೇದ್ದು ಪೂರಾ ಆಗಲಿಲ್ಲಪಾ" ಎಂದಳು ಸಿದ್ದವ್ವ.

ದ್ಯಾಮಪ್ಪ ಅಲ್ಲೇ ನೆಲದ ಮೇಲೆ ಕೂತ. ಆ ಸಣ್ಣ ಇಂಜಿನ್ನಿಗೆ ತನ್ನ ಹಗುರ ಕಾರನ್ನು ಎಳೆಯಲು ಐದು ಸುತ್ತು ಬೇಕಿತ್ತು. ಇಲ್ಲಿ ಗಾಡಿ ಅದರ ಎರಡರಷ್ಟು ಭಾರ, ಸಿಗುವುದು ನಾಲ್ಕೂ ಪೂರಾ ಇಲ್ಲ. ಸಪಾಟಾದ ದೊಡ್ಡ ರಸ್ತೆಯಲ್ಲಿ ಹೇಗೋ ಓಡೀತು. ಹತ್ತಿಮತ್ತೂರಿನ ಎರೆಮಣ್ಣಿನಲ್ಲಿ ಝೇಂಕರಿಸುತ್ತಲೇ ಸಾಯುತ್ತದೆ. ಅಕ್ಕನ ಬಾಗಿಲಿಗೆ ಹೋಗುವ ಇಂಜಿನ್ನು ಜೋರಾಗಿ ತಿರುಗುವುದಲ್ಲ, ಮೆಲ್ಲಗೆ ತಿರುಗಿ ಗಟ್ಟಿಯಾಗಿ ಎಳೆಯುವುದಾಗಬೇಕು.

ಅಂಥದು ಒಂದಿತ್ತು. ಎಲ್ಲಿತ್ತೆಂದರೆ, ಸವಣೂರಿನ ಖಾದರಸಾಬನ ವೀಳ್ಯದೆಲೆ ತೋಟದಲ್ಲಿ. ಹಳೆಯ ಅಮೆರಿಕದ ಗಾಡಿಯೊಂದರ ದಪ್ಪ ನಾಲ್ಕು ಸಿಲಿಂಡರು, ಬಾವಿಯ ದಂಡೆಯ ಮೇಲೆ ಕೂತು ಪಂಪಿಗೆ ಪಟ್ಟೆ ಹಾಕಿಸಿಕೊಂಡು ಎಲೆ ಬಳ್ಳಿಗೆ ನೀರೆತ್ತುತ್ತಿತ್ತು. ದುಡು... ದುಡು... ದುಡು ಎಂದು, ಒಂದೊಂದು ಸದ್ದನ್ನೂ ಎಣಿಸಬಹುದು, ಹಾಗೆ.

ಖಾದರಸಾಬ ಎಲ್ಲ ಕೇಳಿ ಗಡ್ಡ ನೀವಿಕೊಂಡ. "ಇದನ್ನ ಕೊಟ್ರ ನನ್ನ ಬಳ್ಳಿ ಏನ ನಿಮ್ಮಕ್ಕನ ಕೊಡದಾಗಿನ ನೀರ ಕುಡೀಬೇಕೇನಪಾ?"

ದ್ಯಾಮಪ್ಪ ತಲೆ ತಗ್ಗಿಸಿದ. ಆ ಕೊಡದ ಕತೆ ಸವಣೂರಿಗೂ ಬಂದಿತ್ತು.

ಮುದುಕ ನಕ್ಕು, ಅವನ ಹೆಗಲ ಮೇಲೆ ಕೈ ಇಟ್ಟ. "ಸಿಟ್ಟಾಗಬ್ಯಾಡ. ಕೇಳಿಲ್ಲೆ. ಕಾರಹುಣ್ಣಿವಿ ಆತು ಅಂದ್ರ ಮಳಿ ಹಿಡೀತೈತಿ. ದೀಪಾವಳಿತನ ನನ್ನ ಬಳ್ಳಿಗೆ ಪಂಪ ಬ್ಯಾಡ. ಅಲ್ಲೀತನ ಇದು ನಿಂದು. ದೀಪಾವಳಿ ಮುಂದ ತಂದು ಇದ್ದಲ್ಲೆ ಕುಂಡ್ರಸಬೇಕು. ಬಿಸಲ ಬಿದ್ದ ಮ್ಯಾಲ ಎಂಟ ದಿನಾ ನೀರ ತಪ್ಪಿದ್ರ ಬಳ್ಳಿ ಉಳ್ಯಾಂಗಿಲ್ಲ."

ಎರಡು ಇಂಜಿನ್ನು. ಒಂದನ್ನು ತಂದರೆ ಬದುಕು ಪೂರ್ತಿ ತನ್ನದು, ಆದರೆ ಅದು ಅಕ್ಕನ ಊರು ಮುಟ್ಟುವುದಿಲ್ಲ. ಇನ್ನೊಂದು ಮುಟ್ಟುತ್ತದೆ, ಒಂದು ಮಳೆಗಾಲ ಮಾತ್ರ. ದ್ಯಾಮಪ್ಪ ಮೂರು ದಿನ ಲೆಕ್ಕ ಹಾಕಿದ. ನಾಲ್ಕನೆಯ ದಿನ ಗೌಸಸಾಬನಿಗೆ ಹೇಳಿ ಕಳಿಸಿದ: ಬ್ಯಾಡ್ರಿ.

ಕಾರಹುಣ್ಣಿಮೆ ಮುಗಿದ ಮರುದಿನ ದಪ್ಪ ಇಂಜಿನ್ನು ಬಂಡಿ ಏರಿ ಹಾನಗಲ್ಲಿಗೆ ಬಂತು. ಅದರ ಬೆನ್ನಿಗೂ ಗೇರಿನ ಪೆಟ್ಟಿಗೆಯ ಬಾಯಿಗೂ ತಾಳೆಯಾಗದೆ, ನಡುವೆ ಒಂದು ಕಬ್ಬಿಣದ ತಗಡು ಬೇಕಾಯಿತು. ತೂತುಗಳ ಅಳತೆಗೆ ದ್ಯಾಮಪ್ಪ ಮುತ್ತಲ ಎಲೆಯ ಪತ್ರಾವಳಿಯನ್ನು ಗೇರಿನ ಬಾಯಿಗೆ ಒತ್ತಿ, ಎಣ್ಣೆಯ ಗುರುತು ಹಿಡಿದು ಕಂಬಾರನಿಗೆ ಕೊಟ್ಟು ಬಂದ. ಕಂಬಾರ ಅದನ್ನು ಒಲೆಯ ಪಕ್ಕಕ್ಕೆ ಇಟ್ಟುಕೊಂಡು ನಾಲ್ಕು ದಿನ ಬಿಟ್ಟು ತೂತು ಹೊಡೆದ. ಅಷ್ಟರಲ್ಲಿ ಎಲೆ ಒಣಗಿ ಸೊರಗಿತ್ತು, ಒಂದು ತೂತೂ ಕೂಡಲಿಲ್ಲ. "ಊಟದ ಎಲಿ ಮ್ಯಾಲ ಇಂಜಿನ್ನು ಬಡಿಸಾಕ ಹೊಂಟಿದ್ದೇನೋ?" ಎಂದು ಕಂಬಾರನೇ ಬೈದ. ಎರಡನೆಯ ಸಲ ಸೀಮೆಎಣ್ಣೆ ಡಬ್ಬಿಯ ತಗಡಿನಲ್ಲಿ ಅಳತೆ ತೆಗೆದ. ನಾಲ್ಕು ಸಿಲಿಂಡರು ಆರರಷ್ಟು ಉದ್ದವಿಲ್ಲವಲ್ಲ, ಫ್ಯಾನಿಗೂ ರೇಡಿಯೇಟರಿಗೂ ಒಂದು ಗೇಣು ಸಂದು ಉಳಿಯಿತು. ಗಾಳಿ ಪೋಲಾಗದಂತೆ ಅದಕ್ಕೂ ಡಬ್ಬಿಯ ತಗಡಿನದೇ ಒಂದು ಗೂಡು ಕಟ್ಟಿದ. ಭಾರ ಕಡಿಮೆಯಾಗಿ ಮುಂಭಾಗ ತುಸು ಎದ್ದು ನಿಂತಿತು. ಸಿದ್ದವ್ವ ನೋಡಿ, "ಯಾರನ್ನೋ ಇಣುಕಿ ನೋಡಾಕತ್ತಂಗ ಐತಲ್ಲೋ" ಎಂದಳು.

ಪಂಚಮಿಯ ಮುಂಚಿನ ದಿನ ಹೊತ್ತು ಮೂಡುವಾಗ ಹೊರಟ. ಏರಿನಲ್ಲಿ ದುಡು ದುಡು, ಇಳುಕಲಿನಲ್ಲಿ ದುಡು ದುಡು. ಜೋರಿಲ್ಲ, ದಣಿವೂ ಇಲ್ಲ. ಸವಣೂರು ದಾಟಿತು. ಎರೆಮಣ್ಣು ಬಂತು. ಗಾಲಿ ಮುಳುಗಿತು, ಹೊರಳಿತು, ಎದ್ದಿತು. ಹೊತ್ತು ನೆತ್ತಿಗೆ ಬರುವ ಮುಂಚೆ ಹತ್ತಿಮತ್ತೂರಿನ ಅಕ್ಕನ ಬಾಗಿಲು.

ಓಣಿಯ ಮಂದಿಯೆಲ್ಲ ಹೊರಗೆ ಬಂದರು. ಶೇಖವ್ವ ಬರಲಿಲ್ಲ.

ಕುಬೇರಪ್ಪ ಬಂದು, "ಒಲಿ ಮುಂದ ಕುಂತಾಳ ನೋಡು ನಿಮ್ಮಕ್ಕ. ಸದ್ದ ಕೇಳಿ ಎದ್ದಳು, ಮತ್ತ ಕುಂತಳು" ಎಂದ.

ದ್ಯಾಮಪ್ಪ ಒಳಗೆ ಹೋದ. ಅಕ್ಕನ ಕಿವಿಯ ಹತ್ತಿರದ ಕೂದಲು ಬೆಳ್ಳಗಾಗಿದ್ದವು.

"ಬಂದೇನಿ ಅಕ್ಕ. ಮೋಟಾರ ಬಂದೈತಿ."

"ಅದಲ್ಲ ಬಿಡೋ ತಮ್ಮಾ. ನಾನು ಮೂರು ವರ್ಷ ಕಿವಿ ಇಟ್ಕೊಂಡು ಕುಂತಾಕಿ. ನಾ ಕೊಂದದ್ದರ ಸದ್ದು ನನಗ ಗೊತ್ತಿಲ್ಲೇನು? ನನ್ನ ಮನಸಿನ ಸಮಾಧಾನಕ್ಕ ಬ್ಯಾರೇದ್ದ ತಂದಿ."

ದ್ಯಾಮಪ್ಪನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಂಜಿನ್ನು ಬ್ಯಾರೇದ್ದ ಖರೆ. ಸತ್ತದ್ದು ಸತ್ತೈತಿ, ಅದನ್ನ ಎಬ್ಬಸಾಕ ನನ್ನ ಕೈಲೆ ಆಗಲಿಲ್ಲ. ಉಳಿದದ್ದೆಲ್ಲ ಅದಽ. ನೀ ನೀರ ಹಾಕಿದ ಬಾಯಿ ಅದಽ ಐತಿ. ಬಂದು ಮುಟ್ಟಿ ನೋಡು. ಅಲ್ಲ ಅಂದ್ರ ತಿರುಗಿ ಹೋಗ್ತೇನಿ. ಆದ್ರ ಅಕ್ಕ, ಅವ್ವಗ ನಡ್ಯಾಕ ಬರಾಂಗಿಲ್ಲ."

ಶೇಖವ್ವ ಎದ್ದು ಹೊರಗೆ ಬಂದಳು. ಗಾಡಿಯ ಸುತ್ತ ನಡೆದಳು. ಹಿಂದಿನ ಸೀಟಿನ ಮೇಲೆ ಅಂಟಿದ್ದ ಒಂದು ಕೋಳಿಪುಕ್ಕವನ್ನು ತೆಗೆದು ಬಿಸಾಡಿದಳು. ರೇಡಿಯೇಟರಿನ ಹಿತ್ತಾಳೆಯ ಮುಚ್ಚಳದ ಮೇಲೆ ಸೆರಗು ಹಿಡಿದು ಕೈಯಿಟ್ಟಳು. ಅದರ ಕೆಳಗೆ, ಬಾಯಿಯ ಅಂಚಿನಲ್ಲಿ ಒಂದು ನೆಗ್ಗು. ಆವತ್ತು ಅವಳ ಕೊಡ ತಾಗಿದ್ದು.

ಅದನ್ನು ಬೆರಳಿನಿಂದ ಸವರುತ್ತಾ ನಿಂತವಳು ಗಂಡನ ಕಡೆ ತಿರುಗಿ, "ಒಲಿ ಮ್ಯಾಲಿಂದು ತರ್ರಿ" ಎಂದಳು.

ಕುಬೇರಪ್ಪ ತಂದದ್ದು ಒಂದು ಕೊಡ ನೀರು. ಬಿಸಿನೀರು. ದ್ಯಾಮಪ್ಪ ಭಾವನ ಮುಖ ನೋಡಿದ.

"ಪ್ರತಿ ಪಂಚಮಿ ಮುಂದ ಕಾಸಿ ಇಡ್ತಾಳಪಾ" ಎಂದ ಕುಬೇರಪ್ಪ, ಬೇರೆ ಕಡೆ ನೋಡುತ್ತಾ. "ಬಂದ್ರ ಕುಡೀಲಿ ಅಂತ. ಸಂಜೀಕ ಅದ ನೀರಾಗ ನಾವು ಜಳಕಾ ಮಾಡ್ತೇವಿ."

ಇಂಜಿನ್ನು ಚಾಲೂ ಇಟ್ಟು, ದ್ಯಾಮಪ್ಪ ಮುಚ್ಚಳ ಬಿಚ್ಚಿ ಹಬೆ ಹೋಗಲು ಬಿಟ್ಟ. ಅಕ್ಕ ತಮ್ಮ ಇಬ್ಬರೂ ಕೊಡಕ್ಕೆ ಕೈ ಹಚ್ಚಿ, ಹಸುಗೂಸಿಗೆ ಹಾಲು ಹಾಕುವಂತೆ, ಸಣ್ಣ ಧಾರೆಯಲ್ಲಿ ಸುರಿದರು. ಶೇಖವ್ವ ಕಣ್ಣು ಮುಚ್ಚಿದ್ದಳು. ಕೊಡ ಖಾಲಿಯಾಯಿತು. ದುಡು ದುಡು ಸದ್ದು ಬಿಟ್ಟರೆ ಬೇರೆ ಏನೂ ಕೇಳಲಿಲ್ಲ.

"ನಡಿ" ಎಂದಳು.

ಹೊತ್ತು ಇಳಿಯುವಾಗ ಹಾನಗಲ್ಲಿನ ಆನೆಕೆರೆಯ ಏರಿ ಕಂಡಿತು. ಅದರಾಚೆ ಊರು. ಶೇಖವ್ವ ತಮ್ಮನ ಹೆಗಲು ಹಿಡಿದಳು. "ನಿಲ್ಲಸೋ."

"ಯಾಕ ಅಕ್ಕ? ಮನಿ ಬಂತಲ್ಲ."

"ಬಂತು. ಅದಕ್ಕಽ ನಿಲ್ಲಸು. ಮೂರು ವರ್ಷ ಮನಸಿನ್ಯಾಗ ದಿನಾ ಇಲ್ಲೀತನ ಬಂದು ನಿಲ್ತಿದ್ನಿ. ಇನ್ನೊಂದ ಸ್ವಲ್ಪ ನಿಂತು ಹೋಗೂಣು."

ಪೆಟ್ರೋಲು ಎಷ್ಟಿದೆಯೆಂದು ದ್ಯಾಮಪ್ಪನಿಗೆ ಗೊತ್ತಿತ್ತು. ಆದರೂ ಇಂಜಿನ್ನು ಆರಿಸಲಿಲ್ಲ. ಕೆರೆಯ ನೀರು ಕೆಂಪಗಾಗುವವರೆಗೆ ಅಕ್ಕ ತಮ್ಮ ಹಾಗೇ ಕೂತರು. ಅತ್ತ ಬಾಗಿಲಲ್ಲಿ ಕೋಲು ಹಿಡಿದು ನಿಂತಿದ್ದ ಸಿದ್ದವ್ವನಿಗೆ ಏರಿಯ ಕಡೆಯಿಂದ ಬರುವ ಸದ್ದು ಕೇಳುತ್ತಿತ್ತಂತೆ. ಯಾಕೆ ಅಲ್ಲೇ ನಿಂತಿದೆ ಎಂದು ಅವಳು ಯಾರನ್ನೂ ಕೇಳಲಿಲ್ಲವಂತೆ.

ಆ ವರ್ಷ ಜೋಕಾಲಿಯ ಹಗ್ಗವನ್ನು ಹದಿನೈದು ದಿನ ಬಿಚ್ಚಲಿಲ್ಲ.

ದೀಪಾವಳಿಗೆ ನಾಲ್ಕು ದಿನ ಮುಂಚೆ ದ್ಯಾಮಪ್ಪ ಇಂಜಿನ್ನನ್ನು ಬಿಚ್ಚಿ, ಒರೆಸಿ, ಹೊಸ ಎಣ್ಣೆ ಹಾಕಿ ಖಾದರಸಾಬನ ಬಾವಿಯ ದಂಡೆಯ ಮೇಲೆ ಇದ್ದಲ್ಲೇ ಕೂಡಿಸಿ ಬಂದ. ಮೋಟಾರು ಮತ್ತೆ ಬೇವಿನ ಮರದಡಿಗೆ ಹೋಯಿತು, ಕೋಳಿಗಳೂ ಒಳಗೆ ಹೋದವು. ಮುಂದಿನ ಯುಗಾದಿಯನ್ನು ಸಿದ್ದವ್ವ ನೋಡಲಿಲ್ಲ. ಪೆಟ್ರೋಲಿಗೆ ಚೀಟಿ ಬಂತು. ಶೇಖವ್ವ ಆಮೇಲಿನ ಪಂಚಮಿಗಳಿಗೆ ಬಂಡಿಯಲ್ಲೇ ಬಂದಳು. ತಮ್ಮ ಕರೆಯಲು ಹೋದರೆ ಸುಮ್ಮನೆ ಏರಿ ಕೂಡುತ್ತಿದ್ದಳು. ದ್ಯಾಮಪ್ಪನಿಗೆ ಯುದ್ಧ ಮುಗಿದ ಮೇಲೆ ರಿಪೇರಿಯ ಕೆಲಸ ಕೈತುಂಬ ಸಿಕ್ಕಿತು. ಬೇರೆಯವರ ಎಷ್ಟೋ ಗಾಡಿಗಳಿಗೆ ಇಂಜಿನ್ನು ಬದಲಿಸಿ ಕೊಟ್ಟ, ಪ್ರತಿಯೊಂದಕ್ಕೂ ಮೊದಲು ಹಿಂದಕ್ಕೆ ಹೋಗಿ ಕೂತು. ತನ್ನದಕ್ಕೆ ಮಾತ್ರ ಮತ್ತೊಂದನ್ನು ಹುಡುಕಲಿಲ್ಲ. ಯಾಕೆಂದು ಕೇಳಿದರೆ, "ಎಲ್ಲಿಗೆ ಹೋಗಬೇಕ್ರಿ ಅದು?" ಅನ್ನುತ್ತಿದ್ದ.

ಬೇಸಿಗೆಯಲ್ಲಿ ಸವಣೂರಿನ ಸಂತೆಗೆ ಬಂದರೆ ಶೇಖವ್ವ ಹಾದಿ ಬಿಟ್ಟು ಎಲೆ ತೋಟದ ಬೇಲಿಯವರೆಗೆ ಹೋಗುತ್ತಿದ್ದಳು. ಒಳಗೆ ದುಡು ದುಡು ಎಂದು ಇಂಜಿನ್ನು ನೀರೆತ್ತುತ್ತಿರುತ್ತಿತ್ತು. ಒಂದು ಸಲ ಖಾದರಸಾಬ ನೋಡಿ, "ಬಾ ಯವ್ವಾ, ಒಳಗ ಬಾ. ಹೊರಗ್ಯಾಕ ನಿಂತಿ?" ಎಂದು ಕರೆದ.

"ಇಲ್ರೀ ಚಾಚಾ. ಹಿಂಗಽ ಬಂದಿದ್ನಿ" ಎಂದಳು ಅವಳು. ಸ್ವಲ್ಪ ತಡೆದು, "ಅದಕ್ಕ ತಣ್ಣೀರ ಹಾಕಾಂಗಿಲ್ಲಲ್ರಿ?" ಎಂದು ಕೇಳಿದಳು.

"ಇಲ್ಲವ್ವಾ. ನಿಮ್ಮ ತಮ್ಮ ಆಣಿ ಮಾಡಿಸ್ಕೊಂಡ ಹೋಗ್ಯಾನ."

ಸಂತೆಯ ಚೀಲವನ್ನು ತಲೆಯ ಮೇಲೆ ಇಟ್ಟುಕೊಂಡು, ಪಂಪು ನಿಲ್ಲುವವರೆಗೂ ಅವಳು ಬೇಲಿ ಹಿಡಿದು ಅಲ್ಲೇ ನಿಂತಿದ್ದಳು.